ಚೌಡಿಗುಡ್ಡದ ಸುತ್ತುದಾರಿ ಮತ್ತು ಹಳದಿ ಬಾಣಗಳು

ಕೊರೊನಾ ಮುಗಿದ ಮೇಲಿನ ಎರಡನೇ ಬೇಸಿಗೆಯಲ್ಲಿ ನನಗೆ ಸೊರಬ ತಾಲ್ಲೂಕಿನ ಒಂದು ಶಾಖೆಗೆ ವರ್ಗವಾಯಿತು. ಹುದ್ದೆಯ ಹೆಸರು ಉಪ ವಲಯ ಅರಣ್ಯಾಧಿಕಾರಿ. ಊರವರ ಬಾಯಲ್ಲಿ ಇವತ್ತಿಗೂ ಫಾರೆಸ್ಟರ್. ನಿವೃತ್ತಿಗೆ ಮುಂಚಿನ ಕೊನೆಯ ಪೋಸ್ಟಿಂಗ್ ಅದು. ಕದ್ದು ಸಾಗಿಸುವ ಮರದ ನಾಟಾ, ಒತ್ತುವರಿ, ಕಾಡಿನ ಬೆಂಕಿ ಎಲ್ಲವನ್ನೂ ಕಂಡವನಿಗೆ ಇನ್ನು ಹೇಸಿಗೆ ಹುಟ್ಟಿಸುವಂಥದ್ದು ಏನೂ ಉಳಿದಿಲ್ಲ ಅಂದುಕೊಂಡಿದ್ದೆ. ಒಂದು ಸೈಕಲ್ ಉಳಿದಿತ್ತು.

ನನ್ನ ಶಾಖೆಯಲ್ಲಿ ಚೌಡಿಗುಡ್ಡ ಎಂಬ ಸಣ್ಣ ಗುಡ್ಡವಿದೆ. ಅದನ್ನು ಸುತ್ತುವ ಹಳೆಯ ಕಾಲುದಾರಿಯನ್ನು ನಾನು ಬರುವ ಮುಂಚೆಯೇ ಸ್ವಲ್ಪ ಅಗಲ ಮಾಡಿ 'ಲೂಪ್ ಟ್ರೇಲ್' ಎಂದು ಬೋರ್ಡ್ ಹಾಕಿದ್ದರು. ಗೇಟಿನಿಂದ ಹೊರಟು, ಗುಡ್ಡ ಬಳಸಿ, ಅದೇ ಗೇಟಿಗೆ ಮರಳುವ ಆರೇಳು ಕಿಲೋಮೀಟರ್ ದಾರಿ. ಕಷ್ಟದ ಮಟ್ಟ 'ಮಾಡರೇಟ್'. ಏದುಸಿರು ಬರುತ್ತದೆ, ಪ್ರಾಣ ಹೋಗುವುದಿಲ್ಲ ಎಂದು ಅರ್ಥ. ನಡೆಯುವವರಿಗೂ ಮೌಂಟನ್ ಬೈಕ್, ಅಂದರೆ ದಪ್ಪ ಟೈರಿನ ಗೇರ್ ಸೈಕಲ್ ತುಳಿಯುವವರಿಗೂ ಅದೊಂದೇ ದಾರಿ.

ಹಾಗಾಗಿ ಒಂದು ನಿಯಮ ಮಾಡಿದ್ದರು. ಸೈಕಲ್‌ನವರು ಗೇಟಿನಿಂದ ಎಡಕ್ಕೆ, ನಡೆಯುವವರು ಬಲಕ್ಕೆ. ಇಬ್ಬರೂ ಎದುರುಬದುರಾಗುವುದರಿಂದ ಒಬ್ಬರಿಗೊಬ್ಬರು ಕಾಣುತ್ತಾರೆ, ಡಿಕ್ಕಿಯಾಗುವುದಿಲ್ಲ. ತಪ್ಪೇನಿಲ್ಲ. ಸೈಕಲ್‌ನವರಿಗೆ ಎಡವೇ ಏಕೆ ಎಂದರೆ, ಆ ಕಡೆಯಿಂದ ಹೋದರೆ ಕೊನೆಗೆ ಹಳ್ಳದವರೆಗೂ ಉದ್ದನೆಯ ಇಳಿಜಾರು ಸಿಗುತ್ತದೆ, ಮಜಾ ಬರುತ್ತದೆ. ಶಿಕಾರಿಪುರದ ಸೈಕಲ್ ಬಳಗದ ಅಧ್ಯಕ್ಷರು ಹೀಗೆ ಹೇಳಿದ್ದಕ್ಕೆ ಇಲಾಖೆ ತಲೆಯಾಡಿಸಿ, ಮರಮರಕ್ಕೂ ಇಬ್ಬರಿಗೂ ಬೇರೆಬೇರೆ ಹಳದಿ ಬಾಣ ಬರೆಸಿತ್ತು. ಗುಡ್ಡದ ಬುಡದ ಕೇರಿಯವರನ್ನು ಮಾತ್ರ ಯಾರೂ ಒಂದು ಮಾತು ಕೇಳಿರಲಿಲ್ಲ.

ಕೇರಿಯ ಹೆಂಗಸರು ಪ್ರತಿ ಮಂಗಳವಾರ ಚೌಡಮ್ಮನಿಗೆ ಹಣ್ಣುಕಾಯಿ ಒಯ್ಯುತ್ತಾರೆ. ದಾರಿಯ ನಡುವೆ ಮತ್ತಿ ಮರದಡಿ ಅಮ್ಮನ ಕಲ್ಲಿದೆ, ಆದರೆ ಅವರಿಗೆ ಗುಡ್ಡವೇ ಅಮ್ಮ. ಬರಿಗಾಲಲ್ಲಿ ಇಡೀ ಗುಡ್ಡಕ್ಕೆ ಪ್ರದಕ್ಷಿಣೆ ಬರುತ್ತಾರೆ. ಪ್ರದಕ್ಷಿಣೆ ಎಂದರೆ ದೇವರು ಬಲಗೈ ಕಡೆ ಇರಬೇಕು, ಹಾಗಾಗಿ ಗೇಟಿನಿಂದ ಎಡಕ್ಕೇ ಹೋಗಬೇಕು. ಅದು ಸೈಕಲ್ ಹೋಗುವ ದಿಕ್ಕು. ಅಂದರೆ ಸೈಕಲ್ ಬರುವುದು ಬೆನ್ನ ಹಿಂದಿನಿಂದ.

ಚಾರ್ಜ್ ತೆಗೆದುಕೊಂಡ ವಾರವೇ ನಾನು ಪುಟ್ಟಮ್ಮ ಎಂಬ ಹಿರಿಯಳಿಗೆ ಬಾಣ ತೋರಿಸಿ, "ಬಲಕ್ಕೆ ಹೋಗಿ, ಅಮ್ಮಾ" ಎಂದಿದ್ದೆ.

ಆಕೆ ನನ್ನ ಮುಖ ನೋಡಿದಳು. "ಅಮ್ಮನ್ನ ಎಡಕ್ಕೆ ಹಾಕ್ಕಂಡು ಸುತ್ತದಾ ಸಾರ್? ಹಂಗೆ ಸುತ್ತದು ಹೆಣಾನ."

ಬಾಣಗಳನ್ನು ತಿರುಗಿಸಿ ಎಂದು ಮೇಲಧಿಕಾರಿಗೆ ಬರೆದೆ, ಉತ್ತರ ಬರಲಿಲ್ಲ. ಸೈಕಲ್‌ನವರು ಬರುತ್ತಿದ್ದುದು ಭಾನುವಾರ, ಹೆಂಗಸರು ಮಂಗಳವಾರ. ಆದ್ದರಿಂದ ಹೇಗೋ ನಡೆಯುತ್ತಿತ್ತು. ಸೋಮವಾರ ಬೆಳಿಗ್ಗೆ ಅಮ್ಮನ ಕಲ್ಲಿನ ಸಂದಿಯಲ್ಲಿ ತುರುಕಿದ ಗ್ಲೂಕೋಸ್ ಪೊಟ್ಟಣ, ಮೂತಿ ಒರೆಸಿ ಬಿಸಾಡಿದ ಟಿಶ್ಯೂ, ಬಾಳೆಹಣ್ಣಿನ ಸಿಪ್ಪೆಗಳನ್ನು ಕಾಡು ಕಾಯುವ ನಮ್ಮ ವಾಚರ್ ಹೆಕ್ಕುತ್ತಿದ್ದ. 'ಪ್ರಕೃತಿ ಉಳಿಸಿ' ಎಂದು ಬರೆದ ಬನಿಯನ್ ತೊಟ್ಟವರ ಎಂಜಲು ಅದು. ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು.

ಒಂದು ಮಂಗಳವಾರ ಸರ್ಕಾರಿ ರಜೆ ಬಂತು. ವಾಚರ್ ಫೋನ್ ಮಾಡಿದ. ನಾನು ಹೋಗುವಷ್ಟರಲ್ಲಿ ಪುಟ್ಟಮ್ಮ ಇಳಿಜಾರಿನ ತಿರುವಿನಲ್ಲಿ ಕೂತಿದ್ದಳು. ಎಡಗಾಲಿನ ಪಾದ ಇರಬಾರದ ಕಡೆಗೆ ತಿರುಗಿತ್ತು. ಸೊಸೆ ನಾಗವೇಣಿ ಅತ್ತೆಯ ತಲೆಯನ್ನು ಎದೆಗೊತ್ತಿಕೊಂಡಿದ್ದಳು. ಕುಂಕುಮವೆಲ್ಲ ಮಣ್ಣುಪಾಲು. ಗುದ್ದಿದವರು ಸಾಕ್ಷಾತ್ ಅಧ್ಯಕ್ಷರೇ. ಮೊಣಕೈ ತರಚಿದ್ದು ಬಿಟ್ಟರೆ ಅವರಿಗೇನೂ ಆಗಿರಲಿಲ್ಲ. ಅವರು ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮುಂದಿನ ಚಕ್ರವನ್ನೂ ಅದನ್ನು ಹಿಡಿದ ಕವೆಯನ್ನೂ ತಿರುಗಿಸಿ ನೋಡುತ್ತಿದ್ದರು.

"ನೋಡ್ರೀ ಫಾರೆಸ್ಟರ್ರ, ಫೋರ್ಕ್ ಹೆಂಗ್ ಬೆಂಡಾಗೇತಿ. ಇಂಪೋರ್ಟೆಡ್ ಐತ್ರೀ ಇದು."

ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಮನುಷ್ಯರ ಮೇಲೆ ಅಷ್ಟು ಹೇಸಿಗೆ ಹುಟ್ಟಿದ್ದು ಅದೇ ಮೊದಲು. ಬಾಯಿಗೆ ಬಂದ ಮಾತನ್ನು ನುಂಗಿ, ಪುಟ್ಟಮ್ಮನನ್ನು ಜೀಪಿನಲ್ಲಿ ಮಲಗಿಸಿ ಸೊರಬದ ಆಸ್ಪತ್ರೆಗೆ ಒಯ್ದೆ. ಕಣಕಾಲಿನ ಮೂಳೆ ಮುರಿದಿತ್ತು.

ಮರುದಿನವೇ ದೂರು ಬಂತು. ಪುಟ್ಟಮ್ಮನದಲ್ಲ, ಅಧ್ಯಕ್ಷರದು. ಗ್ರಾಮಸ್ಥರು ಬಾಣದ ವಿರುದ್ಧ ನಡೆದು ಸವಾರರ ಜೀವಕ್ಕೆ ಅಪಾಯ ತಂದಿದ್ದಾರೆ, ಇನ್ನು ಮುಂದೆ ಅವರನ್ನು ಗೇಟಿನೊಳಗೆ ಬಿಡಬಾರದು ಎಂದು. ಮೇಲಧಿಕಾರಿ ಫೋನಿನಲ್ಲಿ, "ಆ ಹೆಂಗಸು ರಾಂಗ್ ಸೈಡಲ್ಲಿ ಇದ್ಲು ಅಂತ ಮಹಜರು ಬರೆದುಬಿಡ್ರಿ, ಮುಗಿದುಹೋಗ್ಲಿ" ಎಂದರು. ಮಹಜರು ಎಂದರೆ ಘಟನೆಯ ಜಾಗದಲ್ಲೇ, ಸಾಕ್ಷಿಗಳ ಎದುರು ಬರೆಯುವ ವರದಿ. ಹಾಗೆ ಬರೆದಿದ್ದರೆ ಕೇರಿಯ ಹೆಂಗಸರು ಅಮ್ಮನ ಗುಡ್ಡ ಸುತ್ತುವುದು ಅಲ್ಲಿಗೇ ನಿಲ್ಲುತ್ತಿತ್ತು.

"ಜಾಗ ನೋಡದೆ ಮಹಜರು ಬರೆಯೋಕೆ ಬರಲ್ಲ ಸಾರ್. ನೀವೂ ಬನ್ನಿ, ಅಧ್ಯಕ್ಷರೂ ಬರಲಿ" ಎಂದೆ.

ಇಬ್ಬರೂ ಬಂದರು. ಸಾಕ್ಷಿಗೆ ನಾಗವೇಣಿ ಮತ್ತು ಕೇರಿಯ ನಾಲ್ಕು ಹೆಂಗಸರು. ನಡೆಯುವವರ ಬಾಣ ಹಿಡಿದು, ಗೇಟಿನಿಂದ ಬಲಕ್ಕೇ ಹೊರಟೆವು. ಹೆಂಗಸರು ಆ ದಿಕ್ಕಿಗೆ ಬರಲೊಪ್ಪದೆ ಎಡಗಡೆಯಿಂದಲೇ ಸುತ್ತಿ ಬರುತ್ತೇವೆಂದು ಹೋದರು. ದಾರಿಯುದ್ದಕ್ಕೂ ಅಧ್ಯಕ್ಷರದು ಒಂದೇ ಮಾತು. "ರೂಲ್ಸ್ ಅಂದ್ರ ಎಲ್ಲರಿಗೂ ಒಂದ ಅಲ್ರೀ? ಇವರ ಮೂಢನಂಬಿಕಿಗೆ ನಾವ್ಯಾಕ ಬೀಳಬೇಕು?" ಮೇಲಧಿಕಾರಿ ಹ್ಞೂಂಗುಟ್ಟುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ನಡೆದೆ.

ಪುಟ್ಟಮ್ಮ ಬಿದ್ದ ತಿರುವನ್ನು ನೋಡಿಕೊಂಡು ಮುಂದೆ ನಡೆದಾಗ ಅಮ್ಮನ ಕಲ್ಲು ಬಂತು. ಹೆಂಗಸರು ಆಗಲೇ ಬಂದು ಮರದಡಿ ಕೂತಿದ್ದರು. ಅಧ್ಯಕ್ಷರು ಮಾತು ನಿಲ್ಲಿಸಿ, ಬೂಟು ಬಿಚ್ಚಿ, ಕೈ ಮುಗಿದರು. ಎಷ್ಟಾದರೂ ದೈವಭಕ್ತರು, ಹಣೆಯಲ್ಲಿ ಸದಾ ಕುಂಕುಮ. ಆಮೇಲೆ ಕಣ್ಣು ಅರೆಮುಚ್ಚಿಕೊಂಡು ಕಲ್ಲಿಗೆ ಮೂರು ಸುತ್ತು ಬಂದರು. ಅಮ್ಮನನ್ನು ಬಲಕ್ಕೆ ಹಾಕಿಕೊಂಡೇ ಬಂದರು. ಅವರ ಹಿಂದೆ ಮೇಲಧಿಕಾರಿಯೂ ಸುತ್ತಿದರು. ಪಕ್ಕದ ಮತ್ತಿ ಮರದಲ್ಲಿ ನಡೆಯುವವರ ಹಳದಿ ಬಾಣ ಆ ಕಡೆಗೆ ತೋರಿಸುತ್ತಿತ್ತು, ಇವರಿಬ್ಬರೂ ಈ ಕಡೆಗೆ ಸುತ್ತುತ್ತಿದ್ದರು.

ನಾಗವೇಣಿ ಎದ್ದು ಅವರಿಬ್ಬರ ಎದುರು ನಿಂತಳು. "ಸಾರ್, ನೀವೂ ರಾಂಗ್ ಸೈಡಲ್ಲೇ ಸುತ್ತಿದ್ರಲ್ಲ. ಬರ್ಕಳಿ ಅದನ್ನೂ."

ಅಧ್ಯಕ್ಷರು ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದರು, ಬಹಳ ಹೊತ್ತು ಕಟ್ಟಿದರು. ಅಪಘಾತಕ್ಕೆ ಕಾರಣ ಬಾಣದ ದಿಕ್ಕು ಎಂದು ನಾನು ಅಲ್ಲೇ ಬರೆದು ಮುಂದಿಟ್ಟೆ. ಮೇಲಧಿಕಾರಿ ಸಹಿ ಹಾಕಿದರು. ನಾಚಿಕೆಯಿಂದಲ್ಲ, ಐದು ಜನ ಹೆಂಗಸರು ನೋಡುತ್ತಿದ್ದರಲ್ಲ, ಅದಕ್ಕೆ.

ತಿಂಗಳೊಳಗೆ ಬಾಣಗಳು ತಿರುಗಿದವು. ಮಜಾದ ಇಳಿಜಾರು ಏರಾಗಿ ಹೋಯಿತೆಂದು ಬಳಗದವರು ಬರುವುದನ್ನೇ ಬಿಟ್ಟರು. ಬೇರೆ ಸವಾರರು ಬರುತ್ತಾರೆ, ಹೆಂಗಸರನ್ನು ಕಂಡು ಸೈಕಲ್ ಇಳಿದು ನಿಲ್ಲುವವರೂ ಇದ್ದಾರೆ. ಅಧ್ಯಕ್ಷರು ಪುಟ್ಟಮ್ಮನನ್ನು ನೋಡಲು ಒಂದು ದಿನವೂ ಬರಲಿಲ್ಲ. ಫೋರ್ಕ್ ಮಾತ್ರ ಹೊಸದು ಹಾಕಿಸಿದರಂತೆ. ಅದನ್ನು ನೆನೆದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ.

ಕಾಡಿನಲ್ಲಿ ದಾರಿ ಮಾಡುವ ಮುಂಚೆ, ಅಲ್ಲಿ ಆಗಲೇ ಯಾರ ಕಾಲು ಯಾವ ಕಡೆಗೆ ನಡೆಯುತ್ತಿದೆ ಎಂದು ನೋಡಬೇಕು. ನೌಕರಿ ನನಗೆ ಕಲಿಸಿದ್ದು ಇಷ್ಟು.

ನಿವೃತ್ತನಾದ ಮೇಲೂ ಒಮ್ಮೊಮ್ಮೆ ಮಂಗಳವಾರ ಆ ಕಡೆ ಹೋಗುತ್ತೇನೆ. ಪುಟ್ಟಮ್ಮ ಕುಂಟುತ್ತಾ ಗುಡ್ಡ ಸುತ್ತುತ್ತಾಳೆ. ಪ್ರತಿ ತಿರುವಿನಲ್ಲೂ ನಿಂತು ಹಿಂದಕ್ಕೆ ನೋಡುತ್ತಾಳೆ.

"ಈಗ ಸೈಕಲ್ ಎದುರಿಂದ ಬರೋದು, ಪುಟ್ಟಮ್ಮಾ" ಎಂದೆ ಮೊನ್ನೆ.

"ಹ್ಞೂಂ, ಗೊತ್ತು ಸಾರ್" ಎಂದಳು. ಮುಂದಿನ ತಿರುವಿನಲ್ಲಿ ಮತ್ತೆ ನಿಂತು ಹಿಂದಕ್ಕೆ ನೋಡಿದಳು.