ಬೆಳೆಯುವ ಕಾಲಿಗೆ ಬಿಟ್ಟ ಜಾಗ

ನನ್ನ ತಮ್ಮ ಟೈಲರ್. ಮಕ್ಕಳ ಬಟ್ಟೆಯೆಂದರೆ ಅವನ ಕೈಯೇ ಆಗಬೇಕು ಎನ್ನುವವರು ನಮ್ಮ ಬೀದಿಯಲ್ಲಿ ಬೇಕಾದಷ್ಟು ಮಂದಿ. ಬೆಳೆಯುವ ಮಕ್ಕಳಿಗೆ ಇವತ್ತಿನ ಅಳತೆಗೆ ಅವನು ಎಂದೂ ಹೊಲಿದವನಲ್ಲ. ಒಂದಿಷ್ಟು ದೊಡ್ಡದಾಗಿಯೇ ಕತ್ತರಿಸಿ, ಅಂಚನ್ನು ಒಳಕ್ಕೆ ಮಡಚಿಟ್ಟು, “ಮುಂದಿನ ವರ್ಷ ಬಿಚ್ಚಿಕೊಡ್ತೀನಿ ಬನ್ನಿ” ಎನ್ನುತ್ತಾನೆ. ಅಂಗಡಿಯಲ್ಲಿ ಕಾಜಾ, ಗುಂಡಿ ನನ್ನ ಪಾಲು. ಸಿಟ್ಟೂ ನನ್ನ ಪಾಲೇ.

ಅವನ ಮಗಳ ಎಡಗಾಲು ಬಲಗಾಲಿಗಿಂತ ಗಿಡ್ಡ. ಚಿಕ್ಕಂದಿನಲ್ಲಿ ಮೂಳೆಗೆ ಸೋಂಕು ತಗುಲಿ ಹಾಗಾಯಿತು. ಅದು ಇನ್ನು ಸಮಕ್ಕೆ ಬರುವುದಿಲ್ಲವೆಂದು ಡಾಕ್ಟರು ನನ್ನೆದುರೇ ಹೇಳಿದ್ದರು. ತಮ್ಮನೋ ಕಿವಿಗೇ ಹಾಕಿಕೊಳ್ಳಲಿಲ್ಲ. “ಮಕ್ಕಳ ಮೈ ಅಕ್ಕಾ, ಬೆಳೆಯುತ್ತೆ ಬಿಡು” ಎಂದುಬಿಟ್ಟ.

ಈ ವರ್ಷ ಹುಡುಗಿ ಹೈಸ್ಕೂಲಿಗೆ ಸೇರಿದಳು. ಸ್ಕೂಲು ದೂರ. ಅವಳು ಬಸ್ಸಿನ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿಬಿಡುತ್ತಿದ್ದ. ಒಬ್ಬಳೇ ಹೋಗಿಬರಲು ಆಗದಿದ್ದರೆ ಓದು ಅಲ್ಲಿಗೇ ನಿಂತಂತೆ.

ಅದಕ್ಕೇ ತಮ್ಮ, ಒಬ್ಬ ನರ್ಸಮ್ಮ ಓಡಿಸಿ ಬಿಟ್ಟಿದ್ದ ಹಳೇ ಸೈಕಲ್ ಕೊಂಡು ತಂದ. ರಿಪೇರಿಯವನು ಸೀಟು ಇಳಿಸಿ, ಹ್ಯಾಂಡಲನ್ನು ಹತ್ತಿರಕ್ಕೆ ತಿರುಗಿಸಿದ. ತಮ್ಮನೋ ಕೊರಳಿನ ಟೇಪು ಹಿರಿದು, ಮಗಳನ್ನು ಸೀಟಿನ ಮೇಲೆ ಕೂರಿಸಿ ಅಳೆಯತೊಡಗಿದ.

“ಏನಯ್ಯಾ, ಸೈಕಲ್ಲಿಗೆ ಲಂಗ ಹೊಲೀತೀಯಾ?” ಎಂದು ರಿಪೇರಿಯವನು ನಕ್ಕ.

ಎಡ ಪೆಡಲಿನ ಮೇಲೆ ಹಳೇ ಚಪ್ಪಲಿಯ ರಬ್ಬರ್ ಅಟ್ಟೆಗಳನ್ನು ಪೇರಿಸಿ ಬೋಲ್ಟು ಬಿಗಿದರು. ಕಾಲು ಬೆಳೆದ ಹಾಗೆ ಒಂದೊಂದೇ ಅಟ್ಟೆ ಬಿಚ್ಚುವುದು ತಮ್ಮನ ಲೆಕ್ಕಾಚಾರ.

“ಬೆರಳ ತುದಿ ಮಾತ್ರ ತಾಕ್ತಿದೆ ಕಣೋ. ಇನ್ನೊಂದು ಅಟ್ಟೆ ಹಾಕು,” ಎಂದೆ.

“ಬೆಳೆಯೋಕೆ ಜಾಗ ಬೇಡ್ವಾ ಅಕ್ಕಾ?”

“ಕಾಲೇನು ಫ್ರಾಕಾ?”

ಮೊಂಡ, ಕೇಳಲಿಲ್ಲ. ಹುಡುಗಿ ಹಲ್ಲು ಕಚ್ಚಿಕೊಂಡು ಕೆಲವು ದಿನ ತುಳಿದಳು. ಒಂದು ಸಂಜೆ ಮಾರ್ಕೆಟ್ ಪಕ್ಕದ ಏರಿನಲ್ಲಿ ಕಾಲು ಪೆಡಲಿನಿಂದ ಜಾರಿ, ನೀರಿನ ಟ್ಯಾಂಕರಿನ ಮುಂದೆಯೇ ಬಿದ್ದಳು. ಡ್ರೈವರ್ ಪುಣ್ಯಾತ್ಮ, ಬ್ರೇಕ್ ಹಾಕಿ ಗಾಡಿ ನಿಲ್ಲಿಸಿ, ಗಲ್ಲ ಒಡೆದುಕೊಂಡಿದ್ದ ಅವಳನ್ನು ಅಂಗಡಿಗೆ ಕರೆತಂದ.

“ಸಾಯಿಸ್ತೀಯೇನೋ ಮಗೂನ!” ಎಂದು ತಮ್ಮನಿಗೆ ಬಾಯಿಗೆ ಬಂದಂತೆ ಬೈದೆ.

“ಸೈಕಲ್ಲೂ ಬೇಡ, ಸ್ಕೂಲೂ ಬೇಡ. ಮನೇಲೇ ಇರಲಿ,” ಎಂದ.

ಗಲ್ಲಕ್ಕೆ ಬಟ್ಟೆ ಒತ್ತಿಕೊಂಡೇ ಹುಡುಗಿ ಬಾಯಿ ಬಿಟ್ಟಳು.

“ನಾನು ಸ್ಕೂಲಿಗೆ ಹೋಗೇ ಹೋಗ್ತೀನಿ. ಬೆಳೆಯೋ ಕಾಲಿಗೆ ಮಾಡ್ಬೇಡ ಅಪ್ಪಾ, ಈಗಿರೋ ಕಾಲಿಗೆ ಮಾಡ್ಕೊಡು. ಇದು ಇಷ್ಟೇ ಅಂತ ನಂಗೆ ಯಾವಾಗ್ಲೋ ಗೊತ್ತು. ನಿಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ.”

ತಮ್ಮ ಮಿಷನ್ನಿನ ಮುಂದೆ ಕುಸಿದು ಕೂತ. ಗಿರಾಕಿಗಳು ಬಂದು ನಿಂತಿದ್ದರೂ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಇನ್ನೇನು ಬೈಯಲಿ? ನನಗೂ ಅಳು ಬಂತು.

ಗಲ್ಲದ ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ತಮ್ಮ ಅವಳನ್ನು ಮತ್ತೆ ಸೈಕಲ್ ಸೀಟಿನ ಮೇಲೆ ಕೂರಿಸಿದ. ಪಾದ ಪೂರ್ತಿ ಊರುವವರೆಗೂ ಅಟ್ಟೆ ಪೇರಿಸಿದ. ನಟ್ಟು ಬಿಗಿದು, ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ಜಜ್ಜಿಬಿಟ್ಟ, ಇನ್ನೆಂದೂ ಬಿಚ್ಚಲು ಬಾರದ ಹಾಗೆ.