ಖಾಲಿ ಸೀಟು ಯಾರದು

ಬೇಸ್‌ಬಾಲಿನ ಮಾತನ್ನು ದಯವಿಟ್ಟು ನನ್ನ ಮುಂದೆ ಎತ್ತಬೇಡಿ. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ, ಸ್ಯಾನ್ ಮಟಿಯೋದ ನಮ್ಮ ಆಫೀಸಿನಲ್ಲಿ ಸೀಸನ್ ಶುರುವಾಯಿತೆಂದರೆ ಟೋಪಿ ಹಾಕಿಕೊಂಡು ಓಡಾಡುವವರೇ ಎಲ್ಲ ಕಡೆ. ನಾನು ಕಾಫಿ ಹಿಡಿದುಕೊಂಡು ಇನ್ನೊಂದು ಮಹಡಿಗೆ ಹೋಗುತ್ತೇನೆ. ಆಟದ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ನಡೆಸುವವರ ಮೇಲಿದೆ, ಮತ್ತು ಅದು ಇಳಿಯುವ ಲಕ್ಷಣ ಕಾಣುತ್ತಿಲ್ಲ.

ಅವ್ವ ತೀರಿಕೊಂಡ ಮೇಲೆ ಅಪ್ಪನನ್ನು ಹುಬ್ಬಳ್ಳಿಯಿಂದ ಬೆರ್ರಿಯೆಸಾದ ನಮ್ಮ ಮನೆಗೆ ಕರೆತಂದೆ. ಊರಲ್ಲಿ ಅವರು ಒಂಟಿಯೇನೂ ಆಗಿರಲಿಲ್ಲ. ಕಾಕಾನ ಮನೆ ತುಂಬ ಮಂದಿ, ಸಂಜೆಯಾದರೆ ಕಟ್ಟೆಯ ಮೇಲೆ ಹರಟೆ. ಅವರಿಗೆ ನಾನು ಬೇಕಾಗಿದ್ದಕ್ಕಿಂತ ನನಗೆ ಅವರು ಹೆಚ್ಚು ಬೇಕಾಗಿತ್ತು, ಅದಕ್ಕೇ ಹಟ ಮಾಡಿ ಕರೆಸಿಕೊಂಡೆ. ಅಪ್ಪ ರೈಲ್ವೆಯಲ್ಲಿ ಟಿ.ಸಿ. ಆಗಿದ್ದವರು. ಕರಿ ಕೋಟು ಹಾಕಿಕೊಂಡು ಬೋಗಿಯಿಂದ ಬೋಗಿಗೆ ಟಿಕೆಟ್ ನೋಡುತ್ತಲೇ ಆಯುಷ್ಯ ಕಳೆದಿದ್ದರು. ಅಂಥವರು ಇಲ್ಲಿ ನಾನೂ ನನ್ನ ಗಂಡನೂ ಆಫೀಸಿಗೆ ಹೋದ ಮೇಲೆ ಸೋಫಾದ ಒಂದು ಮೂಲೆಯಲ್ಲಿ ಕೂತಿರುತ್ತಿದ್ದರು. ವಾರಕ್ಕೊಮ್ಮೆಯಾದರೂ ಆ ಮಾತು ಬರುತ್ತಿತ್ತು.

"ಇಲ್ಲೆ ನನ್ನ ಕೆಲಸ ಏನೈತಿ ತಂಗಿ? ಊರಿಗೆ ಕಳಿಸಿಬಿಡು."

ಒಂದು ಭಾನುವಾರ ಹೊತ್ತು ಹೋಗಲೆಂದು ಅವರನ್ನು ಬೇಸ್‌ಬಾಲ್ ನೋಡಲು ಕರೆದುಕೊಂಡು ಹೋದೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದಲ್ಲಿ, ನಮ್ಮ ಸ್ಟೇಷನ್ನಿನಿಂದ ಒಂದೇ ರೈಲಿನಲ್ಲಿ ತಲುಪುವ ಹಳೆಯ ಕ್ರೀಡಾಂಗಣ ಅದು. ಕಾಂಕ್ರೀಟಿನ ದೊಡ್ಡ ಬೋಗುಣಿ. ಬೇಸ್‌ಬಾಲಿಗೆ ಬೇಕಾದದ್ದಕ್ಕಿಂತ ಎಷ್ಟೋ ದೊಡ್ಡದು. ಎಷ್ಟು ಜನ ಬಂದರೂ ತುಂಬುತ್ತಿರಲಿಲ್ಲ. ಮೇಲಿನ ಸಾಲುಗಳನ್ನು ತಾಡಪಾಲು ಹಾಕಿ ಮುಚ್ಚಿದ್ದರು. ಟಿಕೆಟ್ಟಿಗೆ ಸನ್ನಿವೇಲಿನಲ್ಲಿ ಒಂದು ಮಸಾಲೆ ದೋಸೆಗೆ ಕೊಡುವುದಕ್ಕಿಂತ ಕಡಿಮೆ. ಮನೆಯಿಂದ ಬುತ್ತಿ ತಂದರೂ ಬೇಡವೆನ್ನುತ್ತಿರಲಿಲ್ಲ. ನಾವು ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆವು.

ಅಪ್ಪ ಮೊದಲ ಅರ್ಧ ಗಂಟೆ ಮೂಗು ಮುರಿದರು. "ಬರೇ ಫುಲ್‌ಟಾಸ್ ಒಗೀತಾರ. ಇದಕ್ಕೂ ಔಟ್ ಆಗ್ತಾರಲ್ಲ, ನಾಚಿಕಿ ಬ್ಯಾಡೇನು ಇವರಿಗೆ?" ಆಮೇಲೆ ತಡೆಯಲಾರದೆ ಎದ್ದು ನಿಂತು, ದೂರದಲ್ಲಿದ್ದ ಫೀಲ್ಡರಿಗೆ ಕೂಗಿದರು. "ಏ ತಮ್ಮಾ, ಲಗೂನ ಓಡೋ, ಮುಂಜಾನೆ ಏನೂ ತಿಂದಿಲ್ಲೇನು?" ಜನ ಕಡಿಮೆ ಇದ್ದುದರಿಂದ ಕೂಗು ಮೈದಾನದ ತುದಿಯವರೆಗೆ ಕೇಳಿಸಿತು. ಆ ಹುಡುಗ ತಿರುಗಿ ನೋಡಿ ಕೈ ಎತ್ತಿದ. ಈ ದೇಶಕ್ಕೆ ಬಂದಮೇಲೆ ಅಪ್ಪನ ಮಾತಿಗೆ ಹೊರಗಿನವರೊಬ್ಬರು ತಿರುಗಿ ನೋಡಿದ್ದು ಅದೇ ಮೊದಲು. ಅವರ ಮುಖ ಅರಳಿದ್ದು ನೋಡಿ ನನಗೆ ಅಳು ಬಂತು, ಚಟ್ನಿ ಖಾರವಾಗಿದೆ ಅಂದೆ.

ಅಲ್ಲಿಂದ ನಮಗೆ ಅದೇ ಗೀಳಾಯಿತು. ನಮ್ಮ ಟಿಕೆಟ್ ಯಾವಾಗಲೂ ಮೇಲಿನ ಅಂತಸ್ತಿನದು. ಒಂಬತ್ತು ಇನಿಂಗ್ಸಿನ ಆಟದಲ್ಲಿ ಮೂರನೆಯದು ಮುಗಿಯುತ್ತಲೇ ಅಪ್ಪ ಚೀಲ ಎತ್ತಿಕೊಂಡು ಕೆಳಗಿನ ಒಳ್ಳೆಯ ಸೀಟಿಗೆ ಹೊರಡುತ್ತಿದ್ದರು. ನಾನು ಹೆದರಿದರೆ ಅವರ ಹತ್ತಿರ ರೈಲ್ವೆಯ ನ್ಯಾಯ ತಯಾರಿತ್ತು.

"ಗಾಡಿ ಬಿಟ್ಟು ಎರಡು ಸ್ಟೇಷನ್ ದಾಟಿತಂದ್ರ, ಬರಲಾರದವನ ಬರ್ತು ನಿಂತಾವಂದು. ಖಾಲಿ ಬಿಡೂದು ತಪ್ಪು. ನಾ ಜೀವಮಾನ ಅದನ್ನ ಮಾಡೇನಿ."

ಸಾಲುಗಳನ್ನು ನೋಡಿಕೊಳ್ಳುವ ವಯಸ್ಸಾದ ಹೆಂಗಸೊಬ್ಬಳಿದ್ದಳು. ಅವಳು ನಕ್ಕು ಬಿಡುತ್ತಿದ್ದಳು. ಬರಬರುತ್ತ ಅಪ್ಪ ತಾವು ಕೂರುವುದಷ್ಟೇ ಅಲ್ಲ, ಬಿಸಿಲಲ್ಲಿ ಕೂಸು ಎತ್ತಿಕೊಂಡು ಕೂತವರನ್ನು ಕೈಸನ್ನೆ ಮಾಡಿ ಕರೆದು ನೆರಳಿನ ಸೀಟು ಕೊಡಿಸತೊಡಗಿದರು. ಅವರ ಕೆಲಸ ಏನಿತ್ತೆಂದು ನಾನು ಹೇಳಿದ ಮೇಲೆ ಆ ಹೆಂಗಸು ಅವರನ್ನು 'ಕಂಡಕ್ಟರ್' ಎಂದು ಕರೆಯತೊಡಗಿದಳು. ಇಲ್ಲಿ ರೈಲಿನ ಟಿ.ಸಿ.ಗೆ ಹಾಗೆಯೇ ಅನ್ನುತ್ತಾರೆ. ಅಪ್ಪನಿಗೆ ಬಸ್ಸಿನ ಕಂಡಕ್ಟರ್ ಕಣ್ಣ ಮುಂದೆ ಬಂದು ಬಹಳ ಬೇಜಾರಾಯಿತು. "ಕಂಡಕ್ಟರ್ ಅಲ್ಲಂತ ಹೇಳು ಆಕಿಗೆ. ಟಿ.ಸಿ." ಅವಳು ಕಲಿತಳು. ಹೋದೊಡನೆ "ಟಿ.ಸಿ." ಎಂದು ದೂರದಿಂದಲೇ ಕೂಗುತ್ತಿದ್ದಳು. ಊರಿಗೆ ಕಳಿಸು ಅನ್ನುವ ಮಾತು ನಿಂತೇ ಹೋಯಿತು.

ಆಮೇಲೆ ಆ ತಂಡದ ಮಾಲೀಕರು ಟಿಕೆಟ್ ಬೆಲೆ ಏರಿಸಿದರು. ತಿಂಡಿ ಅಂಗಡಿಗಳನ್ನು ಒಂದೊಂದಾಗಿ ಮುಚ್ಚಿದರು, ಒಳ್ಳೆಯ ಆಟಗಾರರನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಬರುತ್ತಿದ್ದವರೂ ಬರುವುದನ್ನು ಬಿಟ್ಟರು. ಆಗ ಟೀವಿಯಲ್ಲಿ ಖಾಲಿ ಸೀಟುಗಳನ್ನು ತೋರಿಸಿ, ನೋಡಿ, ಈ ಊರಲ್ಲಿ ಯಾರೂ ಬರುವುದಿಲ್ಲ ಎಂದು ಹೇಳಿ ಗಂಟುಮೂಟೆ ಕಟ್ಟಿ ತಂಡವನ್ನೇ ಬೇರೆ ಊರಿಗೆ ಒಯ್ದರು. ಮನೆಯ ಬಾಗಿಲು ತಾವೇ ಹಾಕಿಕೊಂಡು ನೆಂಟರು ಬರಲಿಲ್ಲವೆಂದು ದೂರುವವರನ್ನು ನಾನು ನೋಡಿದ್ದೇನೆ, ಆದರೆ ಅವರಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ನೋಡಿಲ್ಲ.

"ಯಾರೂ ಬರಂಗಿಲ್ಲ ಅಂತಾರಲ್ಲ," ಅಪ್ಪ ಟೀವಿ ನೋಡುತ್ತ ಕೇಳಿದರು, "ಹಂಗಾರ ನಾವು ಯಾರು?"

ನನ್ನ ಗಂಡ ಬೆಂಗಳೂರಿನವನು, ಎಲ್ಲದಕ್ಕೂ ಅವನ ಬಳಿ ವಿವರಣೆ ಇರುತ್ತದೆ. ನನಗೆ ಹೇಳಿದ: "ಇದು ಸಿಂಪಲ್ಲು ಕಣೇ. ಸ್ಟೇಡಿಯಮ್ ದೊಡ್ಡದಿದ್ರೆ ಯಾವಾಗ ಬೇಕಾದ್ರೂ ಟಿಕೆಟ್ ಸಿಗುತ್ತೆ ಅಂತ ಜನ ಸುಮ್ನಿರ್ತಾರೆ. ಸೀಟು ಕಮ್ಮಿ ಮಾಡಿದ್ರೆ ರೇಟು ತಾನಾಗೇ ಮೇಲೆ ಹೋಗುತ್ತೆ. ಈಗ ಎಲ್ಲಾ ಕಡೆ ಚಿಕ್ಕದೇ ಕಟ್ಟೋದು. ಜನ ಕಮ್ಮಿ, ದುಡ್ಡು ಜಾಸ್ತಿ." ಅದೇನೂ ಸುಳ್ಳಲ್ಲ. ಆದರೆ ಅಷ್ಟು ಖುಷಿಯಿಂದ ಹೇಳಬೇಕಾಗಿರಲಿಲ್ಲ. ಆ ಕಮ್ಮಿಯಾದ ಜನ ನನ್ನ ಅಪ್ಪ.

ಚಳಿಗಾಲದಲ್ಲಿ ಅಪ್ಪ ಮತ್ತೆ ಸೋಫಾದ ಮೂಲೆ ಸೇರಿದರು. ಮತ್ತೆ ಊರಿನ ಮಾತು ಶುರುವಾಯಿತು. ಹೇಗಾದರೂ ಅವರನ್ನು ಹಿಡಿದಿಟ್ಟುಕೊಳ್ಳಬೇಕೆಂದು, ಸೀಸನ್ ಬಂದೊಡನೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೀರಿನ ಅಂಚಿಗಿರುವ ಇನ್ನೊಂದು ಕ್ರೀಡಾಂಗಣಕ್ಕೆ ಟಿಕೆಟ್ ತೆಗೆದುಕೊಂಡೆ. ಅಲ್ಲಿಯ ಬೆಲೆ ತರಕಾರಿ ಮಂಡಿಯ ಹಾಗೆ, ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಎಷ್ಟಾಯಿತೆಂದು ಅಪ್ಪನಿಗೆ ಹೇಳಲಿಲ್ಲ. ಜಾಗ ಚೆನ್ನಾಗಿದೆ, ಅದನ್ನು ಇಲ್ಲವೆನ್ನಲಾರೆ. ಇಟ್ಟಿಗೆ ಗೋಡೆ, ಆಚೆ ದೋಣಿಗಳು. ಆವತ್ತು ಹೌಸ್‌ಫುಲ್ ಎಂದು ದೊಡ್ಡ ಪರದೆಯ ಮೇಲೆ ಹಾಕಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಅಪ್ಪ ಒಂದೆರಡು ಸಲ ಕೂಗಿ ನೋಡಿದರು. ಆ ಗದ್ದಲದಲ್ಲಿ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

ಮೂರನೇ ಇನಿಂಗ್ಸ್ ಮುಗಿದ ಮೇಲೆ ನಾನು ತಿಂಡಿ ತರಲು ಹೋದೆ. "ಅಪ್ಪಾ, ಇಲ್ಲೇ ಕೂಡ್ರಿ, ಬಂದೆ," ಎಂದು ಹೇಳಿಯೇ ಹೋಗಿದ್ದೆ. ಬೆಳ್ಳುಳ್ಳಿ ಹಾಕಿದ ಆಲೂ ಫ್ರೈಗೆ ಮಾರುದ್ದ ಸಾಲು. ತಟ್ಟೆ ಹಿಡಿದು ವಾಪಸ್ಸು ಬರುವಾಗ ಅಪ್ಪ ನಮ್ಮ ಸೀಟಿನಲ್ಲಿರಲಿಲ್ಲ. ಕೆಳಗೆ, ಮುಂದಿನ ಸಾಲುಗಳ ನಡುವಿನ ದಾರಿಯಲ್ಲಿ ನಿಂತಿದ್ದರು. ಆ ಸಾಲಿನಲ್ಲಿ ನಾಲ್ಕೈದು ಸೀಟು ಖಾಲಿ ಇದ್ದವು. ಅಲ್ಲಿಗೆ ಅವರು ಒಬ್ಬ ಚೀನೀ ಮುದುಕ, ಮುದುಕಿಯನ್ನು ಕರೆತಂದು ಕೂರಿಸಿದ್ದರು. ಅವರಿಬ್ಬರದು ಹಿಂದೆ ಕಟಕಟೆಗೆ ಒರಗಿ ನಿಂತೇ ನೋಡುವ ಟಿಕೆಟ್. ಅಪ್ಪ ಮಾತ್ರ ಕೂತಿರಲಿಲ್ಲ. ಬೋಗಿಯಲ್ಲಿ ನಿಲ್ಲುತ್ತಿದ್ದ ಹಾಗೆ ಒಂದು ಕೈ ಸೀಟಿನ ಬೆನ್ನ ಮೇಲಿಟ್ಟು ನಿಂತಿದ್ದರು.

ನಾನು ಮೆಟ್ಟಿಲು ಇಳಿಯುವಷ್ಟರಲ್ಲಿ ಸೆಕ್ಯೂರಿಟಿಯವನು ಬಂದ. ಮುದುಕ, ಮುದುಕಿ ಎದ್ದು ಸರಸರನೆ ಹೋಗಿಬಿಟ್ಟರು. ಅವನು ಅಪ್ಪನ ಮುಂದೆ ಕೈ ಚಾಚಿದ. "ಟಿಕೆಟ್ ಪ್ಲೀಸ್, ಸರ್."

ಅಪ್ಪ ಅಂಗಿಯ ಕಿಸೆ ಮುಟ್ಟಿಕೊಂಡರು, ಪ್ಯಾಂಟಿನ ಕಿಸೆ ಮುಟ್ಟಿಕೊಂಡರು. ಅಲ್ಲಿ ಏನಿರುತ್ತದೆ? ಇಬ್ಬರ ಟಿಕೆಟೂ ನನ್ನ ಫೋನಿನಲ್ಲಿತ್ತು.

"ಟಿಕೆಟ್ ಈಸ್ ವಿತ್ ಮೈ ಡಾಟರ್," ಎಂದರು.

ಬಾಯಿಂದ ಆ ಮಾತು ಹೊರಬಿದ್ದೊಡನೆ ಅಪ್ಪನ ಮುಖ ಹೇಗಾಯಿತೆಂದು ನಾನು ನೋಡಿದೆ. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವರೆಲ್ಲ ಅವರಿಗೆ ಇದನ್ನೇ ಹೇಳುತ್ತಿದ್ದರು. ಅಣ್ಣನ ಹತ್ತಿರ ಇದೆ, ಮುಂದಿನ ಬೋಗಿಯಲ್ಲಿದ್ದಾನೆ. ಅದನ್ನು ಅಣಕಿಸಿ ತೋರಿಸಿ ನಮ್ಮನ್ನು ನಗಿಸುತ್ತಿದ್ದ ಮನುಷ್ಯ ಈಗ ಮೊಮ್ಮಗನ ವಯಸ್ಸಿನವನ ಮುಂದೆ ಕೈ ಜೋಡಿಸಿ "ಸಾರಿ ಸರ್, ಸಾರಿ" ಎನ್ನುತ್ತಿದ್ದರು. ಅಕ್ಕಪಕ್ಕದವರು ತಿರುಗಿ ನೋಡುತ್ತಿದ್ದರು.

ನಾನು ಓಡಿ ಬಂದು ಫೋನು ತೋರಿಸಿದೆ. ಅವನು ಸಭ್ಯವಾಗಿಯೇ, ನಿಮ್ಮ ಜಾಗ ಮೇಲಿದೆ ಮೇಡಂ ಎಂದ. ನನಗೆ ತಲೆ ಕೆಟ್ಟಿತ್ತು. ಈ ಸೀಟಿನವರು ಎಲ್ಲಿ ಎಂದು ಕೇಳಿದೆ. ಗೊತ್ತಿಲ್ಲ, ಆದರೆ ಇವು ಮಾರಾಟವಾಗಿವೆ ಎಂದ. ಯಾವುದೋ ಕಂಪನಿ ವರ್ಷಕ್ಕೆಂದು ಕೊಂಡಿಟ್ಟ ಸೀಟುಗಳಂತೆ. ಹೌಸ್‌ಫುಲ್ ಎಂದರೆ ಬಂದವರ ಲೆಕ್ಕವಲ್ಲ, ಮಾರಿದ ಟಿಕೆಟ್ಟಿನ ಲೆಕ್ಕ. ಆಟ ಮುಗಿಯುವವರೆಗೆ ಅಲ್ಲಿ ಯಾರೂ ಬರಲಿಲ್ಲ. ನಾನು ಆಟ ನೋಡಲೇ ಇಲ್ಲ, ಆ ಸೀಟುಗಳನ್ನೇ ನೋಡುತ್ತ ಕೂತಿದ್ದೆ. ಅಪ್ಪ ಆಲೂ ಫ್ರೈ ಮುಟ್ಟಲಿಲ್ಲ.

ವಾಪಸ್ಸು ಬರುವ ರೈಲಿನಲ್ಲಿ ಕೂರಲು ಜಾಗವಿತ್ತು. ಅಪ್ಪ ಬಾಗಿಲ ಹತ್ತಿರ ನಿಂತೇ ಇದ್ದರು. ನಮ್ಮ ಸ್ಟೇಷನ್ ಬರುವ ಹೊತ್ತಿಗೆ ನನ್ನ ಮುಖ ನೋಡದೆ ಹೇಳಿದರು.

"ಊರಿಗೆ ನಂದೊಂದು ಟಿಕೆಟ್ ತಗಸು ತಂಗಿ. ಕಾಗದದ್ದು ಇರಲಿ. ನನ್ನ ಕಿಸೆದಾಗ ಇಟಗೋತೇನಿ."

ಈ ಸಲ ನಾನು ಹಟ ಮಾಡಲಿಲ್ಲ. ಆಫೀಸಿನ ಪ್ರಿಂಟರಿನಲ್ಲಿ ಟಿಕೆಟ್ ಪ್ರಿಂಟು ತೆಗೆದು ತಂದುಕೊಟ್ಟೆ. ವಿಮಾನ ನಿಲ್ದಾಣದಲ್ಲಿ ಅಪ್ಪ ಅದನ್ನು ಬಾಗಿಲಲ್ಲಿ ನಿಂತವನಿಗೆ ತೋರಿಸಿದರು, ಲಗೇಜಿನ ಗಾಡಿ ತಳ್ಳುವವನಿಗೆ ತೋರಿಸಿದರು, ನೆಲ ಒರೆಸುತ್ತಿದ್ದವಳಿಗೂ ತೋರಿಸಿದರು. ಅವರಲ್ಲಿ ಯಾರೂ ಕೇಳಿರಲಿಲ್ಲ.