ಪಾಯಾ ಎನ್ನಲು ನಾಚಿದ ಕಾಕಾ

ಕಟ್ಟಡದ ಗಟ್ಟಿತನವೆಲ್ಲ ಅದರ ಕಾಣದ ಭಾಗದಲ್ಲಿದೆ, ಮನುಷ್ಯನದೂ ಹಾಗೆಯೇ. ಈ ಮಾತು ಹೇಳಿದ ಮಹಾನುಭಾವರು ಜೇವರ್ಗಿ ಸೀಮೆಯ ಎರೆಮಣ್ಣಿನಲ್ಲಿ ಮನೆ ಕಟ್ಟಿದವರಲ್ಲ. ನಮ್ಮ ಎರೆ ಮಳೆಗಾಲದಲ್ಲಿ ನಾದಿದ ಹಿಟ್ಟಿನಂತೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಕಾಣದ ಭಾಗವೆಲ್ಲ ವರ್ಷಕ್ಕೊಮ್ಮೆ ಗೋಡೆಯ ಮೇಲೆ ಬಂದು ದರ್ಶನ ಕೊಡುತ್ತದೆ.

ಇಂದು ಬೆಳಿಗ್ಗೆ ಪಕ್ಕದ ಸೈಟಿಗೆ ಮಣ್ಣು ಅಗೆಯುವ ಯಂತ್ರ ಬಂತು. ಕಿಟಕಿಯಿಂದ ಹಸಿ ಎರೆಯ ವಾಸನೆ ಒಳಗೆ ಬಂತು, ಅದರ ಹಿಂದೆಯೇ ನನ್ನ ಶರಣಪ್ಪ ಕಾಕಾನೂ ನೆನಪಾಗಿ ಬಂದ.

ನೆಲೋಗಿಯಲ್ಲಿ ಕಾಕಾನ ಹಳೆಯ ಮನೆಯ ಗೋಡೆ ಸೀಳಿತ್ತು. ಒಂದು ವರ್ಷ ಕಾಕಿ ಬಾಚಣಿಗೆ ಸಿಕ್ಕಿಸಿದ್ದ ಬಿರುಕಿನಲ್ಲಿ ಮರುವರ್ಷ ಸೌಟು ಹಿಡಿಸತೊಡಗಿದಾಗ, ಊರ ಹೊರಗೆ ರಸ್ತೆ ಮಗ್ಗುಲಿನ ಹೊಲದಲ್ಲಿ ಹೊಸ ಮನೆಯೆಂದು ನಿಶ್ಚಯವಾಯಿತು. ಕಾಕಾನ ಯೋಜನೆ ದಂಡಯಾತ್ರೆಯದು. ಅಡಿಯ ಗರಸು, ಅಂದರೆ ಉಬ್ಬದ, ಬಿರಿಯದ ಗಟ್ಟಿ ಕಲ್ಲುಮಣ್ಣು, ಸಿಗುವ ತನಕ ಎರೆಯನ್ನೆಲ್ಲ ತೋಡಬೇಕು. ಗುಡ್ಡದಿಂದ ಬಂಡಿಯಲ್ಲಿ ಗರಸು ತಂದು ತುಂಬಿ ಬಡಿಯಬೇಕು. ಇದೆಲ್ಲ ಮೊದಲ ಮಳೆಯೊಳಗೆ ಮುಗಿಯಬೇಕು, ಇಲ್ಲವಾದರೆ ಬದಿಯ ಮಣ್ಣು ಕುಸಿದು ಹೋಗುತ್ತದೆ. ಬಂಡಿಗಳು ಹಿಂದಿನಿಂದ ಬರಲು ದಾರಿ ಬೇಕಲ್ಲ, ತೋಡಿದ ಮಣ್ಣನ್ನು ರಸ್ತೆಯ ಕಡೆ ಸಾಲಾಗಿ ಒಡ್ಡು ಹಾಕಿಸಿದ. ಬುದ್ಧಿವಂತ ವ್ಯವಸ್ಥೆ. ಆರಿಸಿದ ವರ್ಷವೊಂದು ತಪ್ಪಾಯಿತು, ಅಷ್ಟೇ.

ಅದು ನಲವತ್ತೆಂಟರ ಬೇಸಿಗೆ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮೂರಿಗೆ ಬಂದಿರಲಿಲ್ಲ. ನಾವಿನ್ನೂ ನಿಜಾಮರ ರಾಜ್ಯದಲ್ಲಿದ್ದೆವು. ಗಡಿಯಾಚೆಯಿಂದ ಹೋರಾಟಗಾರರು ಬಂದು ಸುಂಕದ ನಾಕಾಗಳ ಮೇಲೆ ಬೀಳುತ್ತಿದ್ದರು, ಅವರನ್ನು ಹುಡುಕುತ್ತ ನಿಜಾಮರ ಬಂದೂಕಿನ ಗಸ್ತು ರಸ್ತೆ ಸುತ್ತುತ್ತಿತ್ತು. ಗಸ್ತಿನವರು ಒಯ್ದ ಕೆಲವರು ಹೊರಳಿ ಬಂದಿರಲಿಲ್ಲ.

ಒಂದು ಮಧ್ಯಾಹ್ನ ಗಸ್ತಿನ ಜೀಪು ನಮ್ಮ ಒಡ್ಡಿನ ಎದುರು ನಿಂತಿತು.

"ಯೇ ಕ್ಯಾ ಖೋದ್ ರೈಂ?" ಏನು ತೋಡುತ್ತಿದ್ದೀರಿ ಎಂದು ಅಧಿಕಾರಿ ಕೇಳಿದ.

ಇಲ್ಲಿ ಕಾಕಾನ ವಿದ್ವತ್ತು ಅಡ್ಡ ಬಂತು. ಅಡಿಪಾಯಕ್ಕೆ ನಮ್ಮ ಕಡೆ ಪಾಯಾ ಅನ್ನುತ್ತೇವೆ. ಉರ್ದುವಿನಲ್ಲಿ ಪಾಯಾ ಎಂದರೆ ಕುರಿಕಾಲಿನ ಸಾರು. ಕೊರಳಲ್ಲಿ ಲಿಂಗ ಕಟ್ಟಿದವನು ಸರ್ಕಾರದೆದುರು ನಿಂತು ಕಾಲಿನ ಸಾರು ತೋಡುತ್ತಿದ್ದೇನೆ ಎನ್ನುವುದು ಹೇಗೆ, ನೀವೇ ಹೇಳಿ. ಘನವಾದ ಮಾತು ಬೇಕಿತ್ತು. ಕಲಬುರಗಿ ಕೋಟೆಯ ಸುತ್ತ ನೋಡಿದ್ದ ಕಂದಕ ನೆನಪಾಯಿತು. ಅದಕ್ಕೆ ಗಂಟಲಿನಿಂದ ಒಂದಿಷ್ಟು ಉರ್ದು ಸವರಿದ.

"ಖಂದಕ್ ಹೈ ಸರ್ಕಾರ್. ಬಹುತ್ ಮಜಬೂತ್. ಕಿತ್ನಾ ಬೀ ಜೋರ್ ಮಾರೋ, ಹಿಲ್ತಾ ನೈ."

ಸಿಪಾಯಿಗಳು ಅಡಗಿ ಗುಂಡು ಹಾರಿಸುವ ಲಡಾಯಿಯ ತಗ್ಗಿಗೆ ಅವರು ಅನ್ನುವ ಮಾತೇ ಖಂದಕ್. ಬಹಳ ಗಟ್ಟಿ, ಎಷ್ಟು ಜೋರು ಮಾಡಿದರೂ ಅಲ್ಲಾಡದೆಂಬ ಭರವಸೆ ಬೇರೆ! ಅಧಿಕಾರಿ ಒಡ್ಡು ನೋಡಿದ, ಅದರ ಹಿಂದಿನ ಆಳುದ್ದ ತಗ್ಗು ನೋಡಿದ. ಬಂದೂಕುಗಳು ಭುಜದಿಂದ ಇಳಿದವು. ಇಬ್ಬರು ಕಾಕಾನ ತೋಳು ಹಿಡಿದರು. ಇಪ್ಪತ್ತು ದಾಟಿದ್ದ ನಾನು ಕಟ್ಟೆಯ ಮೇಲೆ ಶೌರ್ಯದ ಕುರಿತು ಬಹಳ ಮಾತಾಡಿದವನು. ಆಗ ಅಳತೆಯ ಹಗ್ಗವನ್ನು ಕೈಗೆ ಸುತ್ತುತ್ತ, ಬಿಚ್ಚುತ್ತ ನಿಂತೆ.

ಬುತ್ತಿ ಹೊತ್ತು ಬಂದ ಕಾಕಿ ನನ್ನನ್ನು ಕೇಳಿದಳು: "ಏನಂದ್ರು ನಿಮ್ಮ ಕಾಕಾ?"

"ಲಡಾಯಿ ತಗ್ಗು ಅಂದಾನ."

"ಲಡಾಯಿ? ಇವರು?" ಬುತ್ತಿ ಇಳಿಸಿ ಅಧಿಕಾರಿಯ ಕಡೆ ತಿರುಗಿದಳು. "ಸಾಹೇಬ್ರ, ಬಂದು ನೋಡ್ರಿ. ಇದು ಅಡಗಿ ಮನಿ. ಇದು ದೇವರ ಕೋಲಿ. ಬಚ್ಚಲಾ ಎಲ್ಲಿ ಇಟ್ಟಾರ ನೋಡ್ರಿ, ಒಲಿ ಮಗ್ಗಲಕ!"

ಕಾಕಾನಿಗೆ ತೋಳು ಹಿಡಿದವರು ಮರೆತೇಹೋದರು. "ಇಳಿಜಾರು ಆ ಕಡಿ ಅದ ಬೇ. ನೀರು ಏರಿಗಿ ಹತ್ತತದೇನು?"

"ನಿಮ್ಮ ಕಾಕಾಗ ಹೇಳು, ಹೊಗಿಯಾಗ ಕುಂತು ನಾ ಜಳಕಾ ಮಾಡಂಗಿಲ್ಲ."

ಬಂದೂಕುಗಳ ನಡುವೆ ಬಚ್ಚಲಿನ ವ್ಯಾಜ್ಯ ನಡೆಯಿತು. ಅಧಿಕಾರಿ ಸಂಸಾರಸ್ಥನಿರಬೇಕು; ಇಂಥ ಜಗಳ ನಾಟಕವಲ್ಲವೆಂದು ಅವನಿಗೆ ತಿಳಿಯಿತು. ಕಾಕಾನ ತೋಳು ಬಿಡಿಸಿದ. ಆದರೆ ನಾಳೆ ಆ ತಗ್ಗಿನಲ್ಲಿ ಯಾರು ಬಂದು ಅಡಗುತ್ತಾರೋ ಬಲ್ಲವರಾರು? ಜೇವರ್ಗಿಗೆ ಹೋಗಿ ಹೊತ್ತು ಮುಳುಗುವಾಗ ಹೊರಳುತ್ತೇವೆ, ಅಷ್ಟರಲ್ಲಿ ನೆಲ ಸಪಾಟಾಗಿರಬೇಕು, ಇಲ್ಲವಾದರೆ ಇವನು ನಮ್ಮ ಸಂಗಡ ಎಂದು ಹೇಳಿ ಜೀಪು ಹತ್ತಿದ.

ಅಗೆಯುವವರು, ಬಂಡಿಯವರು, ಕಾಕಿ, ನಾನು ಎಲ್ಲರೂ ಮಣ್ಣು ತಳ್ಳತೊಡಗಿದೆವು. "ಮೊದಲ ಬಡಗಣ ಬಾಜು!" ಎಂದು ಕಾಕಾ ಮುಚ್ಚುವುದಕ್ಕೂ ಯೋಜನೆ ಹೂಡಿದ. ಗೌಂಡಿ ಮಸ್ತಾನ್ ಸಾಬ ಬುಟ್ಟಿ ಎತ್ತುತ್ತ, "ಪಾಯಾ ಅಂದಿದ್ರ ಸಾಹೇಬ್ರು ಊಟಕ್ಕ ಕುಂದರ್ತಿದ್ರು ನೋಡ್ರಿ ಯಜಮಾನ್ರ" ಅಂದ. ಕಾಕಾ ಅವನ ಬುಟ್ಟಿಗೆ ಇನ್ನೊಂದು ಸಲಿಕೆ ಮಣ್ಣು ಸುರಿದ. ತೋಡಿದ ಎರೆ ಅದೇ ತಗ್ಗಿನಲ್ಲಿ ಮತ್ತೆ ಹಿಡಿಸುವುದಿಲ್ಲ, ಅರಳಿಕೊಂಡಿರುತ್ತದೆ. ತಗ್ಗು ತುಂಬಿತು, ಒಡ್ಡು ಇನ್ನೂ ಎದೆಮಟ್ಟ ಉಳಿದಿತ್ತು. ಹೊತ್ತು ವಾಲಿತ್ತು. ಬಂಡಿಯ ಎತ್ತು ಬಿಚ್ಚಿ, ಕುಂಟೆ ಹೂಡಿ, ಒಡ್ಡನ್ನು ಹೊಲದ ತುಂಬ ಎಳೆದಾಡಿದೆವು. ಕೊನೆಯ ಸುತ್ತಿನಲ್ಲಿರುವಾಗ ಜೀಪಿನ ಸದ್ದು ಕೇಳಿಸಿತು.

ಅಧಿಕಾರಿ ಇಳಿದು ಬಂದ. ಬೂಟು ಹಿಮ್ಮಡದ ತನಕ ಹುಗಿಯಿತು. ಅಲ್ಲೇ ನಿಂತು ಕಾಕಾನ ಮುಖ ನೋಡಿ, "ಅಬ್ ಯೇ ಕ್ಯಾ ಹೈ?" ಈಗ ಇದೇನು ಎಂದು ಕೇಳಿದ. ಕಾಕಾ ಗಂಟಲು ಸರಿಮಾಡಿಕೊಂಡ. ನಮ್ಮೆಲ್ಲರ ಜೀವ ಆ ಗಂಟಲಲ್ಲಿತ್ತು.

"ಹೊಲಾ ರೀ," ಅಂದಳು ಕಾಕಿ.

ಅವನು ಬೂಟನ್ನು ಬದುವಿನ ಹುಲ್ಲಿಗೆ ಒರೆಸಿ ಜೀಪು ಹತ್ತಿದ.

ಪಕ್ಕದ ಸೈಟಿನ ಯಂತ್ರದವನಿಗೆ ಗದ್ದಲ ಮಾಡಬೇಡವೆಂದು ಬೈದು ಬರಲು ಈಗಷ್ಟೇ ಹೋಗಿದ್ದೆ. "ಗರಸು ಹತ್ತೂತನಕ ತೆಗಿಯಪ್ಪಾ" ಎಂದಷ್ಟೇ ಹೇಳಿ ಬಂದೆ.

ಕಾಕಾನನ್ನು ಯಾರೂ ಒಯ್ಯಲಿಲ್ಲ. ಆ ಜಾಗದಲ್ಲಿ ಮನೆ ಏಳಲಿಲ್ಲ. ಮಳೆ ಬಿದ್ದ ಮೇಲೆ ತೊಗರಿ ಬಿತ್ತಿದೆವು.